ವೃಕ್ಕ ಮತ್ತು ಮೇದಸ್ಸು: ಒಂದು ಸಂಬಂಧದ ಚರಿತ್ರೆ

೧

ಶರಾವತಿಯು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ ಸಾಗರ ತಾಲ್ಲೂಕುಗಳನ್ನು ಹಾದು, ಗೇರುಸೊಪ್ಪೆಯ ಕಡೆಗೆ ಘಟ್ಟವನ್ನಿಳಿದು, ಹೊನ್ನಾವರದಲ್ಲಿ ಕಡಲನ್ನು ಸೇರುವುದು. ಕನ್ನಡ ನಾಡಿನ ವೈದ್ಯವಾಙ್ಮಯದಲ್ಲಿ ಈ ಹೊಳೆಯ ಸೀಮೆಗೆ ಗೌರವದ ಒಂದು ಸ್ಥಾನವುಂಟು. ಕೆಳಗಣ ಸೀಮೆಯನ್ನಾಳಿದ ಸಾಳ್ವಮಲ್ಲನ ಆಶ್ರಯದಲ್ಲಿದ್ದ ಸಾಳ್ವಕವಿಯು ಕ್ರಿ. ಶ. ೧೫೫೦ರ ಸುಮಾರಿನಲ್ಲಿ ‘ವೈದ್ಯಸಾಂಗತ್ಯ’ವನ್ನು ರಚಿಸಿದನು. ಮೇಲಣ ಸೀಮೆಯ ಬಿದನೂರಿನಲ್ಲಿ, ಎಂದರೆ ಈಗಿನ ಹೊಸನಗರ ತಾಲ್ಲೂಕಿನ ನಗರದಲ್ಲಿ, ಕೆಳದಿಯ ಬಸವಪ್ಪನಾಯಕನು ೧೭೦೯ರಲ್ಲಿ ‘ಶಿವತತ್ತ್ವರತ್ನಾಕರ’ವೆಂಬ ಸಂಸ್ಕೃತ ಮಹಾಗ್ರಂಥವನ್ನು ಮುಗಿಸಿ, ರಾಜನೀತಿ, ಪಾಕ, ಸಂಗೀತಗಳ ಜೊತೆಗೆ ವೈದ್ಯಕ್ಕೂ ಅದರಲ್ಲಿ ಎಡೆಕೊಟ್ಟನು. ಆಯುರ್ವೇದದ ಮಾತು ಈ ಸೀಮೆಯಲ್ಲಿ ಅರಮನೆಯಿಂದ ಹಳ್ಳಿಯ ನಾಟಿವೈದ್ಯನ ಜಗಲಿಯವರೆಗೆ ಬಹುಕಾಲದಿಂದ ಬಳಕೆಯಲ್ಲಿದೆ.

ಆದುದರಿಂದಲೇ ಇಲ್ಲಿಯ ಜನರು ಇಂದಿಗೂ ಒಂದು ರೋಗವನ್ನು ಕುರಿತು ಎರಡು ವೈದ್ಯಗಳ ಮಾತನ್ನೂ ಕೇಳುವರು. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದ ಮೇಲೆ ಹಿನ್ನೀರಿನಾಚೆ ಉಳಿದ ಊರುಗಳ ಜನರು ಸಾಗರಕ್ಕೆ ಬರಬೇಕಾದರೆ ಹೊಳೆಬಾಗಿಲಿನಲ್ಲಿ ಲಾಂಚನ್ನು ಹತ್ತಬೇಕಾಗಿದ್ದಿತು. ಬೇಸಿಗೆಯಲ್ಲಿ ನೀರಿಳಿದರೆ ವಾಹನಗಳನ್ನು ದಾಟಿಸುವುದು ಕಷ್ಟ. ಸಂಜೆ ಕಳೆದರೆ ದಾಟುವ ದಾರಿಯೇ ಇಲ್ಲ. ೨೦೨೫ನೆಯ ಜುಲೈ ೧೪ರಂದು ಅಲ್ಲಿಯ ಸೇತುವೆಯು ಸಂಚಾರಕ್ಕೆ ತೆರೆಯಿತು. ಮೂತ್ರಪಿಂಡಗಳು ಸೋತು, ವಾರಕ್ಕೆ ಎರಡು ಮೂರಾವರ್ತಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕಾದವರಿಗೆ ಈ ಭೇದವು ಎಂತಹುದೆಂಬುದನ್ನು ವಿವರಿಸಬೇಕಾದುದಿಲ್ಲ. ಅಂತಹ ರೋಗಿಗೆ ಒಂದು ಕಡೆಯಿಂದ ‘ರಕ್ತದಲ್ಲಿ ಕೊಬ್ಬು ಹೆಚ್ಚಿದೆ’ ಎಂಬ ವರದಿಯು ಬರುವುದು. ಇನ್ನೊಂದು ಕಡೆಯಿಂದ ‘ಮೇದಸ್ಸಿನ ಬೇರೇ ಮೂತ್ರಪಿಂಡವೆಂದು ನಮ್ಮ ಶಾಸ್ತ್ರವು ಎರಡು ಸಾವಿರ ವರ್ಷಗಳ ಹಿಂದೆಯೇ ಹೇಳಿದೆ’ ಎಂಬ ಮಾತು ಬರುವುದು. ಎರಡನ್ನೂ ಕೂಡಿಸಿದವನು, ಎಣ್ಣೆ ತುಪ್ಪಗಳನ್ನು ಬಿಟ್ಟರೆ ಮೂತ್ರಪಿಂಡಗಳು ಉಳಿಯುವುವೆಂದು ತೀರ್ಮಾನಿಸುವುದು ಸಹಜವಾಗಿದೆ.

ಈ ತೀರ್ಮಾನವು ಸರಿಯೇ? ಪ್ರಾಚೀನರು ಹೇಳಿದುದೂ ಆಧುನಿಕರು ಕಂಡುದೂ ಒಂದೇ ಸಂಗತಿಯೇ? ಇದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ವಿಷಯವು ವೈದ್ಯದ್ದಾದರೂ ಇದರಲ್ಲಿ ಒಂದು ಪಾಲು ಶಬ್ದಾರ್ಥದ ವಿಚಾರವಾಗಿರುವುದರಿಂದ, ಸಾಹಿತ್ಯಾಧ್ಯಾಪಕರ ಗಮನಕ್ಕೂ ಇದು ಯೋಗ್ಯವೆಂದು ಭಾವಿಸಿದ್ದೇನೆ.

೨

ಮೊದಲು ಆಕರಗಳು ಹೇಳುವುದೇನೆಂಬುದನ್ನು ನೋಡೋಣ. ದೇಹದ ಧಾತುಗಳು ಹರಿಯುವ ಸ್ರೋತಸ್ಸುಗಳನ್ನು ಚರಕಸಂಹಿತೆಯ ವಿಮಾನಸ್ಥಾನವು ಐದನೆಯ ಅಧ್ಯಾಯದಲ್ಲಿ ಎಣಿಸುತ್ತದೆ. ಅಲ್ಲಿ ಮೇದೋವಹ ಸ್ರೋತಸ್ಸುಗಳಿಗೆ ವೃಕ್ಕಗಳೂ ವಪಾವಹನವೂ ಮೂಲವೆಂದಿದೆ. ವಪೆಯೆಂಬುದು ಹೊಟ್ಟೆಯೊಳಗಣ ಕೊಬ್ಬಿನ ಪದರ. ಸುಶ್ರುತಸಂಹಿತೆಯ ಶಾರೀರಸ್ಥಾನವು ಈ ಮೂಲಗಳನ್ನು ಸೊಂಟ ಮತ್ತು ವೃಕ್ಕಗಳೆಂದು ಹೇಳುತ್ತದೆ. ಅದೇ ಸ್ಥಾನದ ಮತ್ತೊಂದು ಕಡೆಯಲ್ಲಿ ರಕ್ತ ಮತ್ತು ಮೇದಸ್ಸುಗಳ ಸಾರದಿಂದ ವೃಕ್ಕಗಳು ಹುಟ್ಟುವುವೆಂದು ತಿಳಿಸುತ್ತದೆ. ಹೀಗೆ ಎರಡು ಸಂಹಿತೆಗಳೂ ವೃಕ್ಕವನ್ನು ಮೇದಸ್ಸಿಗೆ ಕಟ್ಟಿವೆಯೆಂಬುದರಲ್ಲಿ ಸಂದೇಹವಿಲ್ಲ.

ಇದಕ್ಕಿಂತ ಬಲವಾದ ಇನ್ನೊಂದು ಆಧಾರವೂ ಇದೆ. ಮೇದೋವಹ ಸ್ರೋತಸ್ಸುಗಳು ಕೆಟ್ಟರೆ ಪ್ರಮೇಹದ ಪೂರ್ವರೂಪಗಳು ತೋರುವುವೆಂದು ಚರಕನ ಮತ. ವ್ಯಾಯಾಮವಿಲ್ಲದಿರುವುದು, ಹಗಲು ನಿದ್ರೆ, ಕೊಬ್ಬಿನ ಪದಾರ್ಥಗಳನ್ನೂ ಮದ್ಯವನ್ನೂ ಅತಿಯಾಗಿ ಸೇವಿಸುವುದು, ಇವು ಕೆಡುವುದಕ್ಕೆ ಕಾರಣಗಳು. ಮೂತ್ರಪಿಂಡಗಳ ದೀರ್ಘರೋಗಕ್ಕೆ ಇಂದು ಮುಖ್ಯವಾದ ಕಾರಣಗಳಲ್ಲಿ ಮಧುಮೇಹವು ಮೊದಲನೆಯದೆಂಬುದನ್ನು ನೆನೆದರೆ, ವೃಕ್ಕ, ಮೇದಸ್ಸು, ಪ್ರಮೇಹ ಎಂಬ ಈ ಸರಣಿಯು ಯಾರನ್ನಾದರೂ ಬೆರಗುಗೊಳಿಸುವಂತಹುದು. ಮೇದೋವಹಕ್ಕೆ ಪೆಟ್ಟು ಬಿದ್ದವನಲ್ಲಿ ಬೆವರು, ಮೈಯ ಜಿಡ್ಡು, ಅಂಗುಳಿನ ಒಣಗುವಿಕೆ, ದೊಡ್ಡ ಬಾವು, ಬಾಯಾರಿಕೆಗಳು ಕಾಣುವುವೆಂದು ಸುಶ್ರುತನು ಹೇಳಿರುವನು. ಇವುಗಳಲ್ಲಿ ಬಾವನ್ನು ಇಂದಿನ ವೈದ್ಯನೂ ಮೂತ್ರಪಿಂಡದ ರೋಗದಲ್ಲಿ ಹುಡುಕುವನು.

ಆದರೆ ಅದೇ ಗ್ರಂಥಗಳ ಬೇರೊಂದು ಪುಟವನ್ನೂ ತೆರೆಯಬೇಕು. ಮೂತ್ರವಹ ಸ್ರೋತಸ್ಸುಗಳಿಗೆ ಮೂಲವಾವುದು? ಚರಕನ ಪ್ರಕಾರ ಬಸ್ತಿ ಮತ್ತು ತೊಡೆಸಂದುಗಳು. ಸುಶ್ರುತನ ಪ್ರಕಾರ ಬಸ್ತಿ ಮತ್ತು ಮೇಢ್ರ. ಎರಡು ಕಡೆಯಲ್ಲಿಯೂ ವೃಕ್ಕದ ಹೆಸರಿಲ್ಲ. ಮೂತ್ರವು ಪಕ್ವಾಶಯದ ಕಡೆಯಿಂದ ಸಾವಿರಾರು ಸೂಕ್ಷ್ಮನಾಳಗಳ ಮೂಲಕ ಬಸ್ತಿಗೆ ಬಂದು ತುಂಬುವುದೆಂದು ಸುಶ್ರುತನು ನಿದಾನಸ್ಥಾನದಲ್ಲಿ ವಿವರಿಸಿ, ಕಂಠದವರೆಗೆ ನೀರಿನಲ್ಲಿ ಮುಳುಗಿಸಿದ ಹೊಸ ಮಣ್ಣಿನ ಕೊಡಕ್ಕೆ ಪಕ್ಕಗಳಿಂದ ನೀರು ಜಿನುಗಿ ತುಂಬುವ ದೃಷ್ಟಾಂತವನ್ನು ಕೊಡುವನು. ದೃಷ್ಟಾಂತವು ಸೊಗಸಾದುದು, ಆದರೆ ಅದರಲ್ಲಿ ವೃಕ್ಕಕ್ಕೆ ಕೆಲಸವಿಲ್ಲ. ಪ್ರಾಚೀನರ ವೃಕ್ಕವು ಮೇದಸ್ಸಿನ ಅಂಗ, ಮೂತ್ರದ ಅಂಗವಲ್ಲ. ನಮ್ಮ ಸಮಸ್ಯೆಯ ಗಂಟು ಇಲ್ಲಿದೆ.

೩

ಪ್ರಾಚೀನರು ವೃಕ್ಕವನ್ನು ಮೇದಸ್ಸಿಗೆ ಏಕೆ ಸೇರಿಸಿದರು? ಉತ್ತರವು ಕಣ್ಣಿಗೆ ಕಾಣುವಂತಹುದೆಂದು ನನಗೆ ತೋರುತ್ತದೆ. ದೇಹವನ್ನು ತೆರೆದು ನೋಡಿದವನಿಗೆ ವೃಕ್ಕಗಳು ಬರಿದಾಗಿ ಕಾಣವು. ದಪ್ಪನಾದ ಕೊಬ್ಬಿನ ಹಾಸಿನಲ್ಲಿ ಹುದುಗಿ, ಸೊಂಟದ ಎರಡು ಪಕ್ಕಗಳಲ್ಲಿರುವುವು. ಶವವನ್ನು ಹುಲ್ಲಿನಿಂದ ಸುತ್ತಿ, ಪಂಜರದಲ್ಲಿಟ್ಟು, ಹರಿಯುವ ನೀರಿನಲ್ಲಿ ಏಳು ರಾತ್ರಿ ಮುಳುಗಿಸಿ, ಬಳಿಕ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜಿ ಪದರಗಳನ್ನು ಬಿಡಿಸಿ ನೋಡುವ ಕ್ರಮವನ್ನು ಸುಶ್ರುತನು ಹೇಳಿರುವನು. ಈ ಕ್ರಮದಿಂದ ಅಂಗಗಳ ಸ್ಥಾನವೂ ನೆರೆಹೊರೆಯೂ ತಿಳಿಯುವುವೇ ಹೊರತು, ಮೆತ್ತಗಿನ ಅಂಗದೊಳಗೆ ನಡೆಯುವ ಕೆಲಸವು ತಿಳಿಯದು.

ಇದಕ್ಕೂ ಹಳೆಯದಾದ ಇನ್ನೊಂದು ಸಾಕ್ಷ್ಯವನ್ನು ವೈದಿಕ ಕರ್ಮಗಳಲ್ಲಿ ಕಾಣಬಹುದು. ಆಶ್ವಲಾಯನ ಗೃಹ್ಯಸೂತ್ರವು ಹೇಳುವ ಅಂತ್ಯಕರ್ಮದಲ್ಲಿ, ಅನುಸ್ತರಣಿಯ ಪಶುವಿನ ವಪೆಯನ್ನು ತೆಗೆದು ಮೃತನ ತಲೆ ಮುಖಗಳಿಗೆ ಹೊದಿಸುವರು. ವೃಕ್ಕಗಳೆರಡನ್ನೂ ತೆಗೆದು ಅವನ ಎರಡು ಕೈಗಳಲ್ಲಿ ಇಡುವರು. ವಪೆಯೂ ವೃಕ್ಕಗಳೂ ಇಲ್ಲಿ ಒಂದೇ ಪ್ರಸಂಗದಲ್ಲಿ, ಒಂದರ ಹಿಂದೆ ಒಂದರಂತೆ ಬಂದಿರುವುದು ಗಮನಾರ್ಹ. ಚರಕನ ಸೂಚಿಯಲ್ಲಿಯೂ ಇದೇ ಜೋಡಿಯಿದೆ. ಯಜ್ಞದಲ್ಲಿ ಪಶುವನ್ನು ವಿಭಾಗಿಸಿದವರ ಅನುಭವವು ವೈದ್ಯಶಾಸ್ತ್ರಕ್ಕೆ ಈ ಜೋಡಿಯನ್ನು ಕೊಟ್ಟಿರಬಹುದೆಂಬುದು ಅನುಮಾನವೇ ಹೊರತು ಸಿದ್ಧಾಂತವಲ್ಲ. ಆದರೂ, ದಿವ್ಯದೃಷ್ಟಿಯನ್ನು ಊಹಿಸುವುದಕ್ಕಿಂತ ಇದು ಸುಲಭವಾದ ಊಹೆಯೆಂಬುದನ್ನು ಒಪ್ಪಬೇಕು.

ಹೀಗೆಂದ ಮಾತ್ರಕ್ಕೆ ಪ್ರಾಚೀನರನ್ನು ಕಡೆಗಣಿಸಿದಂತಾಗುವುದಿಲ್ಲ. ಕುಳಿತು ಉಂಡು ಹಗಲು ಮಲಗುವವನಿಗೆ ಮೈ ಬೆಳೆದು ಪ್ರಮೇಹವು ಬರುವುದೆಂಬುದು ರೋಗಿಗಳನ್ನು ನೋಡಿ ತಿಳಿದ ಮಾತು. ಅದು ಇಂದಿಗೂ ನಿಲ್ಲುವಂತಹುದು. ವೃಕ್ಕವು ಕೊಬ್ಬಿನ ನಡುವೆ ಇದೆಯೆಂಬುದು ಅಂಗಗಳನ್ನು ನೋಡಿ ತಿಳಿದ ಮಾತು, ಅದೂ ನಿಜ. ಆದರೆ ವೃಕ್ಕವು ಕೆಟ್ಟುದರಿಂದ ರಕ್ತದ ಕೊಬ್ಬು ಕೆಡುವುದೆಂದಾಗಲಿ, ರಕ್ತದ ಕೊಬ್ಬಿನಿಂದ ವೃಕ್ಕವು ಕೆಡುವುದೆಂದಾಗಲಿ ಈ ವಾಕ್ಯಗಳು ಹೇಳುವುದಿಲ್ಲ. ನಾವು ಅವೆರಡು ನಿಜಗಳನ್ನು ಹೊಲಿದು ಮೂರನೆಯದೊಂದನ್ನು ಅವರ ಬಾಯಲ್ಲಿ ಇಡುತ್ತೇವೆ.

೪

ಈ ಹೊಲಿಗೆಗೆ ನೂಲಾಗಿರುವುದು ಒಂದು ಶಬ್ದ. ಇಂದು ಸಂಹಿತೆಗಳನ್ನು ಕನ್ನಡಿಸುವಾಗ ‘ವೃಕ್ಕ’ವೆಂದಿರುವಲ್ಲಿ ‘ಮೂತ್ರಪಿಂಡ’ವೆಂದು ಬರೆಯುವುದು ಸಹಜ. ಅಂಗವು ಒಂದೇ ಆದುದರಿಂದ ಇದು ತಪ್ಪೆಂದು ಹೇಳಲಾಗದು. ಆದರೆ ‘ಮೂತ್ರಪಿಂಡ’, ‘ಮೂತ್ರಜನಕಾಂಗ’ ಎಂಬ ಮಾತುಗಳು ಹೊಸ ಶಾರೀರವಿಜ್ಞಾನದ ಸಿದ್ಧಾಂತವನ್ನು ತಮ್ಮ ಹೆಸರಿನಲ್ಲಿಯೇ ಹೊತ್ತಿವೆ. ‘ಮೇದೋವಹಕ್ಕೆ ವೃಕ್ಕವು ಮೂಲ’ವೆಂದರೆ, ಕೊಬ್ಬಿನ ನಡುವೆ ಇರುವ ಒಂದು ಅಂಗದ ಮಾತಾಗುತ್ತದೆ. ‘ಮೇದೋವಹಕ್ಕೆ ಮೂತ್ರಪಿಂಡವು ಮೂಲ’ವೆಂದೊಡನೆ, ಮೂತ್ರವನ್ನು ಸೋಸುವ ಅಂಗಕ್ಕೂ ರಕ್ತದ ಕೊಬ್ಬಿಗೂ ಗೂಢವಾದ ಸಂಬಂಧವನ್ನು ಋಷಿಯು ಕಂಡಿದ್ದನೆಂಬ ಧ್ವನಿ ಹುಟ್ಟುತ್ತದೆ. ಆ ಧ್ವನಿಯು ಭಾಷಾಂತರದ್ದು, ಮೂಲದ್ದಲ್ಲ.

ದೇಹದ ಒಳಗಣ ಅಂಗಗಳ ಹೆಸರುಗಳು ಹೀಗೆ ಜಾರುವುದು ಹೊಸದೇನೂ ಅಲ್ಲ. ಅಮರಸಿಂಹನ ಕೋಶದಲ್ಲಿ ‘ಬುಕ್ಕಾ’, ‘ಅಗ್ರಮಾಂಸ’ ಎಂಬ ಮಾತುಗಳು ಹೃದಯದ ಹೆಸರುಗಳ ಪಕ್ಕದಲ್ಲಿಯೇ ಬಂದಿವೆ. ಒಡನೆಯೇ ಮೇದಸ್ಸು, ವಪೆ, ವಸೆಗಳ ಹೆಸರುಗಳಿವೆ. ‘ಬುಕ್ಕ’ವು ಹೃದಯವೋ ವೃಕ್ಕವೋ ಎಂಬ ಸಂದೇಹಕ್ಕೆ ಇದರಿಂದ ಅವಕಾಶವಾಗಿದೆ. ದೇಶ್ಯದಲ್ಲಿಯೂ ಹೀಗೆಯೇ. ಕನ್ನಡದ ‘ಗುಂಡಿಗೆ’ಯೂ ತೆಲುಗಿನ ‘ಗುಂಡೆ’ಯೂ ಹೃದಯ, ಅವುಗಳ ನಂಟಿನದೆಂದು ತೋರುವ ತಮಿಳಿನ ‘ಕುಂಡಿಕ್ಕಾಯ್’ ಎಂಬುದಕ್ಕೆ ವೃಕ್ಕವೆಂದರ್ಥ. ದುಂಡಗಿನ ಮಾಂಸಪಿಂಡಕ್ಕೆ ಇಟ್ಟ ಹೆಸರು ಒಂದು ಸೀಮೆಯಲ್ಲಿ ಎದೆಗೂ ಇನ್ನೊಂದು ಸೀಮೆಯಲ್ಲಿ ಸೊಂಟಕ್ಕೂ ನಿಂತಿತು. ಆದುದರಿಂದ ಹಳೆಯ ವೈದ್ಯಗ್ರಂಥಗಳನ್ನು ಪಾಠ ಹೇಳುವವರು ಅಂಗದ ಹೆಸರನ್ನು ಮೂಲದಲ್ಲಿದ್ದಂತೆಯೇ ಉಳಿಸಿಕೊಂಡು, ಆ ಗ್ರಂಥವು ಅದಕ್ಕೆ ಯಾವ ಕೆಲಸವನ್ನು ಹೇಳಿದೆಯೆಂಬುದನ್ನು ಪ್ರತ್ಯೇಕವಾಗಿ ತಿಳಿಸುವುದು ಉಚಿತ.

೫

ಇನ್ನು ರಕ್ತದ ಕೊಬ್ಬಿನ ಕಡೆಗೆ ತಿರುಗೋಣ. ಅದನ್ನು ಕಾಣಬೇಕಾದರೆ ರಕ್ತವನ್ನು ಪಾತ್ರೆಯಲ್ಲಿ ಹಿಡಿದು, ಹೆಪ್ಪುಗಟ್ಟಲು ಬಿಟ್ಟು, ಮೇಲೆ ನಿಲ್ಲುವ ತಿಳಿಯನ್ನು ನೋಡಬೇಕು. ನೆತ್ತರು ತೆಗೆಯುವ ಚಿಕಿತ್ಸೆಯು ರೂಢಿಯಲ್ಲಿದ್ದ ಕಾಲದಲ್ಲಿ ಯುರೋಪಿನ ವೈದ್ಯರಿಗೆ ಈ ಅವಕಾಶವು ದಿನವೂ ದೊರೆಯುತ್ತಿದ್ದಿತು. ಲಂಡನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟನು ೧೮೨೭ರಲ್ಲಿ ಪ್ರಕಟಿಸಿದ ತನ್ನ ರೋಗಿಗಳ ವೃತ್ತಾಂತದಲ್ಲಿ ಮೂರು ಸಂಗತಿಗಳನ್ನು ಒಂದುಗೂಡಿಸಿದನು: ಬದುಕಿದ್ದಾಗ ಮೈಯ ಬಾವು, ಕಾಯಿಸಿದರೆ ಗಟ್ಟಿಯಾಗುವ ಆಲ್ಬುಮಿನ್ ಬೆರೆತ ಮೂತ್ರ, ಸತ್ತ ಮೇಲೆ ಕೆಟ್ಟುಹೋದ ವೃಕ್ಕಗಳು. ಇವರಲ್ಲಿ ಕೆಲವರ ರಕ್ತದ ತಿಳಿಯು ಹಾಲಿನಂತೆ ಬೆಳ್ಳಗಿದ್ದುದನ್ನೂ ಅವನು ಗಮನಿಸಿದನು. ವೃಕ್ಕದ ರೋಗಕ್ಕೂ ರಕ್ತದ ಕೊಬ್ಬಿಗೂ ಇರುವ ಸಂಬಂಧವು ಚರಿತ್ರೆಯೊಳಕ್ಕೆ ಬಂದುದು ಹೀಗೆ.

ಅದು ಬಂದುದು ಕಾರಣವಾಗಿ ಅಲ್ಲ, ಲಕ್ಷಣವಾಗಿ. ಆ ಶತಮಾನದ ನಡುವೆ ಬರ್ಲಿನಿನ ವಿರ್ಖೋವನು ಸೂಕ್ಷ್ಮದರ್ಶಕದಿಂದ ಇಂತಹ ವೃಕ್ಕಗಳಲ್ಲಿ ಕೊಬ್ಬಿನ ಕಣಗಳನ್ನು ಕಂಡನು. ೧೯೧೩ರಲ್ಲಿ ಜರ್ಮನಿಯ ಫ್ರಿಟ್ಸ್ ಮುಂಕನು, ಮೂತ್ರದಲ್ಲಿ ಹೊಳೆಯುವ ಕೊಬ್ಬಿನ ಬಿಂದುಗಳು ಕಾಣುವ ಒಂದು ರೋಗಕ್ಕೆ ಕೊಬ್ಬಿನ ಹೆಸರನ್ನೇ ಸೇರಿಸಿ ‘ಲಿಪಾಯ್ಡ್ ನೆಫ್ರೋಸಿಸ್’ ಎಂದು ಕರೆದನು. ಅದೇ ವರ್ಷ ರಷ್ಯದ ಅನಿಚ್ಕೋವನು ಮೊಲಗಳಿಗೆ ಕೊಲೆಸ್ಟರಾಲನ್ನು ತಿನ್ನಿಸಿ, ಅವುಗಳ ರಕ್ತನಾಳಗಳಲ್ಲಿ ಕೊಬ್ಬು ಕಟ್ಟುವುದನ್ನು ತೋರಿಸಿದನು. ಕೊಬ್ಬು ರೋಗದ ಗುರುತು ಮಾತ್ರವಲ್ಲದೆ ರೋಗದ ಬೀಜವೂ ಆಗಬಲ್ಲುದೆಂಬ ಭಾವನೆಗೆ ಇದರಿಂದ ಬಲ ಬಂದಿತು.

ಹಾಲಿನಂತಹ ತಿಳಿಯ ಕಾರಣವು ಈಗ ಬಹುಮಟ್ಟಿಗೆ ತಿಳಿದಿದೆ. ವೃಕ್ಕದ ಜರಡಿ ಹರಿದು ಆಲ್ಬುಮಿನು ಮೂತ್ರದಲ್ಲಿ ಸೋರಿಹೋದಾಗ, ಯಕೃತ್ತು ನಷ್ಟವನ್ನು ತುಂಬಲು ಹೆಣಗಿ, ಪ್ರೋಟೀನುಗಳ ಜೊತೆಗೆ ಕೊಬ್ಬನ್ನು ಹೊರುವ ಕಣಗಳನ್ನೂ ಹೆಚ್ಚಾಗಿ ಹೊರಡಿಸುವುದು. ಅವುಗಳನ್ನು ಕರಗಿಸುವ ಕೆಲಸವೂ ಮಂದವಾಗುವುದು. ಆಲ್ಬುಮಿನು ಅಷ್ಟಾಗಿ ಸೋರದೆ ವೃಕ್ಕವು ವರ್ಷಗಟ್ಟಲೆ ಮೆಲ್ಲಗೆ ಸೋಲುವ ರೋಗದಲ್ಲಿ ಚಿತ್ರವು ಬೇರೆ. ಅಲ್ಲಿ ಟ್ರೈಗ್ಲಿಸರೈಡು ಏರುವುದು, ರಕ್ಷಕವೆನ್ನಿಸಿದ ಎಚ್.ಡಿ.ಎಲ್. ಇಳಿಯುವುದು, ಎಲ್.ಡಿ.ಎಲ್. ಮೊತ್ತದಲ್ಲಿ ಅಷ್ಟೇನೂ ಹೆಚ್ಚದಿದ್ದರೂ ಅದರ ಕಣಗಳು ಸಣ್ಣವೂ ಸಾಂದ್ರವೂ ಆಗಿ ಹೆಚ್ಚು ಅಪಾಯಕರವಾಗುವುವು. ಎರಡು ಕಡೆಯಲ್ಲಿಯೂ ಮೊದಲು ಕೆಡುವುದು ವೃಕ್ಕ, ಅನಂತರ ಕೊಬ್ಬು. ಊಟದ ತುಪ್ಪಕ್ಕೆ ಈ ಕಥೆಯಲ್ಲಿ ಮೊದಲ ಪಾತ್ರವಿಲ್ಲ.

೬

ಹಾಗಾದರೆ ಹೀಗೆ ಕೆಟ್ಟ ಕೊಬ್ಬು ತಿರುಗಿ ಬಂದು ವೃಕ್ಕವನ್ನು ಇನ್ನಷ್ಟು ಕೆಡಿಸುವುದೇ? ೧೯೮೨ರಲ್ಲಿ ಲಂಡನಿನ ಮೂರ್‌ಹೆಡ್ ಮತ್ತು ಅವನ ಸಂಗಡಿಗರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಈ ಪ್ರಶ್ನೆಯನ್ನೆತ್ತಿ, ಹೌದೆಂಬ ಊಹೆಯನ್ನು ಮುಂದಿಟ್ಟರು. ಆಲ್ಬುಮಿನು ಸೋರುವುದು, ಯಕೃತ್ತು ಕೊಬ್ಬನ್ನು ಹೊರಡಿಸುವುದು, ಆ ಕೊಬ್ಬು ವೃಕ್ಕದ ಸೂಕ್ಷ್ಮ ಜರಡಿಗಳಲ್ಲಿ ಸೇರಿ ಅವುಗಳನ್ನು ಗಟ್ಟಿಮಾಡುವುದು, ಅದರಿಂದ ಸೋರಿಕೆಯು ಇನ್ನೂ ಹೆಚ್ಚುವುದು, ಹೀಗೆ ಒಂದು ವಿಷಚಕ್ರವು ಏರ್ಪಡುವುದೆಂದು ಅವರ ವಾದ. ಪ್ರಾಣಿಗಳಲ್ಲಿ ನಡೆಸಿದ ಪ್ರಯೋಗಗಳು ಅನೇಕವಾಗಿ ಇದನ್ನು ಬೆಂಬಲಿಸಿದುವು. ಇದಕ್ಕೆ ಮೊದಲೇ, ೧೯೭೪ರಲ್ಲಿ, ಅಮೆರಿಕದ ಸಿಯಾಟಲ್ ನಗರದಲ್ಲಿ ಬಹುಕಾಲ ಡಯಾಲಿಸಿಸ್ ಮಾಡಿಸಿಕೊಂಡವರಲ್ಲಿ ಹೃದಯದ ರಕ್ತನಾಳಗಳ ರೋಗವು ಬೇಗನೆ ಮುಂದುವರಿಯುವುದೆಂಬ ವರದಿಯು ಹೊರಬಂದಿದ್ದಿತು. ಕೊಲೆಸ್ಟರಾಲನ್ನು ಇಳಿಸುವ ಸ್ಟ್ಯಾಟಿನ್ ಔಷಧಗಳು ೧೯೮೭ರಿಂದ ಬಳಕೆಗೆ ಬಂದಾಗ, ವೃಕ್ಕವನ್ನೂ ಹೃದಯವನ್ನೂ ಒಂದೇ ಗುಳಿಗೆಯಿಂದ ಉಳಿಸಬಹುದೆಂಬ ಆಸೆ ಹುಟ್ಟಿದುದು ಆಶ್ಚರ್ಯವಲ್ಲ.

ಆ ಆಸೆಯನ್ನು ಮೂರು ದೊಡ್ಡ ಪರೀಕ್ಷೆಗಳು ಒರೆಗೆ ಹಚ್ಚಿದುವು. ಜರ್ಮನಿಯಲ್ಲಿ ಮಧುಮೇಹವೂ ಡಯಾಲಿಸಿಸೂ ಇದ್ದ ೧,೨೫೫ ರೋಗಿಗಳ ಮೇಲೆ ನಡೆದ ಮೊದಲನೆಯದರ ಫಲವು ೨೦೦೫ರಲ್ಲಿ ಪ್ರಕಟವಾಯಿತು. ಕೊಲೆಸ್ಟರಾಲು ಚೆನ್ನಾಗಿ ಇಳಿಯಿತು. ಆದರೆ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಮರಣಗಳು ಒಟ್ಟಿನಲ್ಲಿ ಗಣನೀಯವಾಗಿ ಇಳಿಯಲಿಲ್ಲ. ೨೦೦೯ರಲ್ಲಿ ಪ್ರಕಟವಾದ ಎರಡನೆಯದರಲ್ಲಿಯೂ, ೨,೭೦೦ಕ್ಕೆ ಮೇಲ್ಪಟ್ಟ ಡಯಾಲಿಸಿಸ್ ರೋಗಿಗಳಲ್ಲಿ ಇದೇ ಫಲ. ೨೦೧೧ರ ಮೂರನೆಯದು, ‘ಶಾರ್ಪ್’ ಎಂಬ ಹೆಸರಿನದು, ಡಯಾಲಿಸಿಸ್ ಇದ್ದವರನ್ನೂ ಇಲ್ಲದವರನ್ನೂ ಕೂಡಿಸಿಕೊಂಡು ೯,೨೭೦ ಜನರನ್ನು ನೋಡಿತು. ಎರಡು ಔಷಧಗಳನ್ನು ಕೂಡಿಸಿ ಕೊಟ್ಟವರಲ್ಲಿ, ರಕ್ತನಾಳಗಳು ಕಟ್ಟಿಕೊಳ್ಳುವುದರಿಂದ ಬರುವ ದೊಡ್ಡ ಆಪತ್ತುಗಳು ನೂರಕ್ಕೆ ೧೭ರಷ್ಟು ಕಡಮೆಯಾದುವು. ಆದರೆ ವೃಕ್ಕವು ಸೋಲುವ ವೇಗವು ಕಡಮೆಯಾಗಲಿಲ್ಲ.

ಈ ಫಲಗಳನ್ನು ತೂಗಿನೋಡಿ, ವೃಕ್ಕರೋಗಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ‘ಕೆಡಿಗೊ’ ೨೦೧೩ರಲ್ಲಿ ಸಲಹೆಯನ್ನಿತ್ತಿತು. ದೀರ್ಘಕಾಲದ ವೃಕ್ಕರೋಗವಿದ್ದು ಡಯಾಲಿಸಿಸಿಗೆ ಬಾರದ, ೫೦ ವರ್ಷ ತುಂಬಿದವರಿಗೆ ಈ ಔಷಧವನ್ನು ಕೊಡುವುದು ಯುಕ್ತ. ಡಯಾಲಿಸಿಸ್ ಪ್ರಾರಂಭವಾದ ಮೇಲೆ ಹೊಸದಾಗಿ ತೊಡಗಿಸಬಾರದು. ಮೊದಲಿನಿಂದ ತೆಗೆದುಕೊಳ್ಳುತ್ತಿದ್ದವರು ಮುಂದುವರಿಸಬಹುದು. ಇದರ ಉದ್ದೇಶವು ಹೃದಯದ ರಕ್ಷಣೆ. ವೃಕ್ಕದ ರಕ್ಷಣೆಗೆ ರಕ್ತದ ಒತ್ತಡವನ್ನೂ ಸಕ್ಕರೆಯನ್ನೂ ಆಲ್ಬುಮಿನಿನ ಸೋರಿಕೆಯನ್ನೂ ಹತೋಟಿಯಲ್ಲಿಡುವ ಬೇರೆ ಮಾರ್ಗಗಳಿವೆ. ಇನ್ನೊಂದು ವಿಚಿತ್ರವೂ ಕಂಡುಬಂದಿದೆ. ಡಯಾಲಿಸಿಸಿನಲ್ಲಿರುವವರಲ್ಲಿ ಕೊಲೆಸ್ಟರಾಲು ತೀರ ಕಡಮೆಯಿರುವವರೇ ಹೆಚ್ಚಾಗಿ ಸಾಯುತ್ತಾರೆ. ಕಡಮೆಯಾದ ಕೊಬ್ಬು ಅವರನ್ನು ಕೊಲ್ಲುತ್ತದೆಯೆಂದಲ್ಲ. ಪುಷ್ಟಿಯಿಲ್ಲದೆ ಸೊರಗಿದುದೂ ಒಳಗೆ ಉರಿಯೂತವಿರುವುದೂ ಕೊಲೆಸ್ಟರಾಲನ್ನು ಇಳಿಸಿ, ಆಯುಸ್ಸನ್ನೂ ಇಳಿಸುವುವು.

೭

ವೃಕ್ಕ ಮೇದಸ್ಸುಗಳ ಸಂಬಂಧವನ್ನು ಮನುಷ್ಯರು ಹೀಗೆ ಮೂರು ಬಾರಿ ಕಂಡರು. ಸಂಹಿತಾಕಾರರು ಕಂಡುದು ನೆರೆಯ ಸಂಬಂಧವನ್ನು. ಅಂಗವು ಕೊಬ್ಬಿನಲ್ಲಿ ಹುದುಗಿತ್ತು. ಬ್ರೈಟನು ಕಂಡುದು ಲಕ್ಷಣದ ಸಂಬಂಧವನ್ನು. ವೃಕ್ಕವು ಕೆಟ್ಟವನ ರಕ್ತವು ಬೆಳ್ಳಗಿತ್ತು. ೧೯೮೨ರವರು ಊಹಿಸಿದುದು ಕಾರಣದ ಸಂಬಂಧವನ್ನು. ಮನುಷ್ಯರಲ್ಲಿ ನಡೆದ ಪರೀಕ್ಷೆಗಳು ಅದಕ್ಕೆ ಪೂರ್ಣವಾದ ಒಪ್ಪಿಗೆಯನ್ನು ಕೊಡಲಿಲ್ಲ. ಮೂರಕ್ಕೂ ‘ಸಂಬಂಧ’ವೆಂಬ ಒಂದೇ ಮಾತನ್ನು ಬಳಸುವುದರಿಂದ, ಮೂರೂ ಒಂದೇ ಎಂಬ ಭ್ರಾಂತಿಯುಂಟಾಗುವುದು. ಈ ಭ್ರಾಂತಿಯು ಪುರಾತನಾಭಿಮಾನಿಗಳಿಗೆ ಮಾತ್ರ ಮೀಸಲಾದುದಲ್ಲ. ಜೊತೆಯಲ್ಲಿ ಕಂಡುದನ್ನು ಕಾರಣವೆಂದು ಬಗೆದು ಇಪ್ಪತ್ತು ಮೂವತ್ತು ವರ್ಷ ಆಸೆಯಿಟ್ಟವರಲ್ಲಿ ಆಧುನಿಕ ವೈದ್ಯರೂ ಇದ್ದರು. ಭೇದವಿಷ್ಟೆ: ಅವರು ತಮ್ಮ ಊಹೆಯನ್ನು ಪರೀಕ್ಷೆಗೆ ಒಡ್ಡಿ, ಫಲವು ತಮಗೆ ವಿರೋಧವಾದಾಗ ಅದನ್ನೂ ಅಚ್ಚುಹಾಕಿಸಿದರು.

ಕೆಳದಿಯ ವಸ್ತುಸಂಗ್ರಹಾಲಯದಲ್ಲಿಯೂ ಮಲೆನಾಡಿನ ಮನೆಗಳ ಅಟ್ಟಗಳಲ್ಲಿಯೂ ವೈದ್ಯದ ತಾಳೆಗರಿಗಳು ಇನ್ನೂ ಇವೆ. ಅವುಗಳನ್ನು ಓದಿ ಪ್ರಕಟಿಸುವ ಕೆಲಸವು ಆಗಬೇಕಾಗಿದೆ. ಆದರೆ ಅವುಗಳಲ್ಲಿ ಇಂದಿನ ಪ್ರಯೋಗಶಾಲೆಯ ವರದಿಯನ್ನು ಹುಡುಕುವುದು ಅವುಗಳಿಗೆ ಮಾಡುವ ಗೌರವವಲ್ಲ. ಅವರು ಏನನ್ನು ನೋಡಿದರು, ಯಾವ ಮಾತಿನಲ್ಲಿ ಹೇಳಿದರು, ಎಲ್ಲಿ ನಿಂತರು ಎಂಬುದನ್ನು ತಿಳಿಸಿದರೆ ಅವರಿಗೂ ನ್ಯಾಯವಾಗುವುದು, ಓದುವವನಿಗೂ ಉಪಕಾರವಾಗುವುದು.

ಏಕೆಂದರೆ ಇಲ್ಲಿ ಕೆಡುವುದು ಬರಿಯ ಪಾಂಡಿತ್ಯವಲ್ಲ. ಹಿನ್ನೀರಿನಾಚೆಯಿಂದ ಡಯಾಲಿಸಿಸಿಗೆ ಬರುವವನು, ಹಳೆಯ ವಾಕ್ಯವೊಂದನ್ನೂ ಹೊಸ ವರದಿಯೊಂದನ್ನೂ ತಪ್ಪಾಗಿ ಜೋಡಿಸಿಕೊಂಡು ಊಟವನ್ನು ಬಿಟ್ಟು ಸೊರಗಿದರೆ, ಅಥವಾ ಕೊಬ್ಬು ಇಳಿಯಿತೆಂಬ ಸಮಾಧಾನದಲ್ಲಿ ಡಯಾಲಿಸಿಸಿನ ದಿನವನ್ನು ತಪ್ಪಿಸಿದರೆ, ಆ ತಪ್ಪಿನಲ್ಲಿ ‘ವೃಕ್ಕ’ವನ್ನು ‘ಮೂತ್ರಪಿಂಡ’ವೆಂದು ಬರೆದು ಸುಮ್ಮನಾದ ನಮಗೂ ಪಾಲಿದೆ. ಒಂದು ಶಬ್ದದ ಕೆಳಗೆ ಎರಡು ಸಾಲು ವಿವರಣೆಯನ್ನು ಸೇರಿಸುವುದು ದೊಡ್ಡ ಶ್ರಮವಲ್ಲ. ಆ ಶ್ರಮವನ್ನು ವಹಿಸಬೇಕೆಂದು ವಿದ್ವಾಂಸರಲ್ಲಿ ಅರಿಕೆಮಾಡಿ ಈ ಲೇಖನವನ್ನು ಮುಗಿಸುತ್ತೇನೆ.